ಮೂರನೆಯ ಅರ್ಥ

ಯಲಹಂಕದವರು ಮೆಜೆಸ್ಟಿಕ್ಕಿನ ಬಸ್ಸು ಹತ್ತುವ ಮುಂಚೆ ಅಕ್ಕಪಕ್ಕದವರಿಗೆ "ಬೆಂಗ್ಳೂರಿಗೆ ಹೋಗ್ಬಿಟ್ಟು ಬರ್ತೀವಿ" ಎಂದು ಹೇಳಿ ಹೊರಡುತ್ತಿದ್ದ ಕಾಲವೊಂದಿತ್ತು. ಬಹಳ ಹಿಂದಿನ ಮಾತೇನಲ್ಲ, ಮೂವತ್ತು ವರ್ಷದ ಮೇಲೆ ಸ್ವಲ್ಪ. ಹೆಬ್ಬಾಳದಲ್ಲಿ ಮೇಲ್ಸೇತುವೆ ಇರಲಿಲ್ಲ. ದಾರಿಯುದ್ದಕ್ಕೂ ದ್ರಾಕ್ಷಿ ತೋಟಗಳಿದ್ದವು. ಜಕ್ಕೂರಿನಿಂದ ಹಾರಿದ ಪುಟ್ಟ ವಿಮಾನ ತಲೆಯ ಮೇಲೆ ಬಂದರೆ ಬೀದಿಯ ಮಕ್ಕಳೆಲ್ಲ ಕೈಬೀಸುತ್ತಿದ್ದೆವು, ಅದನ್ನು ಓಡಿಸುವವನು ನಮ್ಮನ್ನು ಗುರುತು ಹಿಡಿಯುತ್ತಾನೆ ಎಂಬ ಗಟ್ಟಿ ನಂಬಿಕೆಯಿಂದ. ನಿಮ್ಮಲ್ಲೂ ಕೆಲವರು ಹಾಗೆ ಕೈಬೀಸಿರುತ್ತೀರಿ.

ನಮ್ಮದು ಹಳೇ ಊರಿನ ನೇಕಾರರ ಬೀದಿ. ಮನೆಯ ಹಿಂದೆ ಶೀಟು ಹೊದಿಸಿದ ಉದ್ದನೆಯ ಶೆಡ್ಡು, ಅದರಲ್ಲಿ ಅಪ್ಪನ ಎರಡು ವಿದ್ಯುತ್ ಮಗ್ಗಗಳು. ಬೆಳಗ್ಗೆ ಶುರುವಾದ ಸದ್ದು ಸಂಜೆಯವರೆಗೂ ನಿಲ್ಲುತ್ತಿರಲಿಲ್ಲ. ಮಗ್ಗದ ಮನೆಯಲ್ಲಿ ಬೆಳೆದವರಿಗೆ ಆ ಸದ್ದು ಕೇಳಿಸುವುದಿಲ್ಲ, ಅದು ನಿಂತಾಗ ಮಾತ್ರ ಕೇಳಿಸುತ್ತದೆ. ನನ್ನ ತಮ್ಮ ಚಂದ್ರು ಆಗ ಆರು ತಿಂಗಳ ಕೂಸು. ಶೆಡ್ಡಿನ ತೊಲೆಗೆ ಅಮ್ಮನ ಹಳೆಯ ಸೀರೆಯಿಂದ ಜೋಲಿ ಕಟ್ಟಿ ಅವನನ್ನು ಮಲಗಿಸುತ್ತಿದ್ದರು. ಮಗ್ಗ ಓಡುತ್ತಿರುವಷ್ಟು ಹೊತ್ತು ಅವನು ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದ. ಕರೆಂಟು ಹೋಗಿ ಮಗ್ಗ ನಿಂತಿತೋ, ಕಿಟಾರನೆ ಕಿರುಚಿಕೊಂಡು ಏಳುತ್ತಿದ್ದ. ಆಗ ನಾನು ಆಟ ಬಿಟ್ಟು ಓಡಿಬಂದು ಜೋಲಿ ತೂಗಬೇಕಿತ್ತು. ಆ ಕಾಲದಲ್ಲಿ ಕರೆಂಟು ಎಷ್ಟು ಸಲ ಹೋಗುತ್ತಿತ್ತು ಎನ್ನುವುದನ್ನು ಬಲ್ಲವರು ನನ್ನ ಮೇಲೆ ಕನಿಕರಪಡಬಹುದು.

ಶೆಡ್ಡಿಗೆ ಅದರದೇ ಒಂದು ವಾಸನೆಯಿತ್ತು. ಎಂಜಿನ್ ಎಣ್ಣೆ, ರೇಷ್ಮೆಯ ಗಂಜಿ, ಅಮ್ಮ ಕಂಡಿಕೆಗೆ ನೂಲು ಸುತ್ತುತ್ತಾ ಪಕ್ಕದಲ್ಲಿಟ್ಟುಕೊಂಡ ಕಾಫಿ. ಮಧ್ಯಾಹ್ನದ ಬಿಸಿಲು ಶೀಟಿನ ತೂತುಗಳಿಂದ ಇಳಿದು ನೆಲದ ಮೇಲೆ ಕಾಸಿನಗಲದ ಚುಕ್ಕೆಗಳಾಗಿ ಬೀಳುತ್ತಿತ್ತು. ಈಗಲೂ ಮಧ್ಯಾಹ್ನ ಊಟವಾದ ಮೇಲೆ ಕಣ್ಣು ಮುಚ್ಚಿದರೆ ನನಗೆ ಮೊದಲು ಕಾಣುವುದು ಆ ಚುಕ್ಕೆಗಳೇ.

ಮಹಡಿಯ ಮೇಲಿನ ಒಂಟಿ ಕೋಣೆಯಲ್ಲಿ ಲೀಲಾ ಮಿಸ್ ಬಾಡಿಗೆಗಿದ್ದರು. ಎಪ್ಪತ್ತು ದಾಟಿದ ಹೆಂಗಸು. ಮದುವೆಯಾಗಿರಲಿಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಫ್ರೆಂಚ್ ಹೇಳಿಕೊಟ್ಟು ನಿವೃತ್ತರಾಗಿದ್ದರು. ಆರ್.ಟಿ. ನಗರದಲ್ಲಿ ಅವರ ತಂಗಿಯ ಮಗಳ ಮನೆಯಿತ್ತು, ಅಲ್ಲಿ ಇರಬಹುದಿತ್ತು. "ಅಲ್ಲಿ ಟೀವಿ ಸದ್ದು, ಇಲ್ಲಿ ಮಗ್ಗದ ಸದ್ದು. ಮಗ್ಗ ಆದ್ರೆ ಮಾತಾಡಲ್ಲ" ಎಂದು ಅಪ್ಪನಿಗೆ ಹೇಳಿದ್ದರಂತೆ. ಬೀದಿಯ ಮಕ್ಕಳಿಗೆ ಅವರೆಂದರೆ ಭಯ. ಗೋಲಿ ಅವರ ಕಾಲ ಬಳಿ ಉರುಳಿದರೆ ಎತ್ತಿಟ್ಟುಕೊಂಡು, ಅದರ ಹೆಸರನ್ನು ಸರಿಯಾಗಿ ಉಚ್ಚರಿಸುವವರೆಗೂ ಕೊಡುತ್ತಿರಲಿಲ್ಲ.

ಅವರಿಗೂ ನನಗೂ ಸ್ನೇಹವಾದದ್ದು ಒಂದು ಲಾಳಿಯಿಂದ. ಮಗ್ಗದಲ್ಲಿ ಆ ಕಡೆಯಿಂದ ಈ ಕಡೆಗೆ ನೂಲು ಹೊತ್ತು ಓಡುವ ಮರದ ತುಂಡು ಲಾಳಿ. ಎರಡೂ ತುದಿ ಚೂಪು, ನಡುವೆ ಟೊಳ್ಳು. ಸವೆದ ಲಾಳಿಗಳನ್ನು ಅಪ್ಪ ನನಗೆ ಕೊಡುತ್ತಿದ್ದ, ನಾನು ಅವುಗಳನ್ನು ಹಿತ್ತಲಿನ ನೀರಿನ ತೊಟ್ಟಿಯಲ್ಲಿ ತೇಲಿಬಿಡುತ್ತಿದ್ದೆ. ಅರ್ಧ ಮುಳುಗಿ ಅರ್ಧ ತೇಲಿ ಹೇಗೋ ಸಾಗುತ್ತಿದ್ದವು. ಬೇಸಿಗೆ ರಜೆ ಶುರುವಾದ ವಾರ, ಮೇಲಿನಿಂದ ದನಿ ಬಂತು.

"ಏ ಹುಡುಗಿ, ಅದನ್ನ ಏನಂತ ಕರೀತೀಯ?"

"ಲಾಳಿ, ಮಿಸ್."

"ನೀರಲ್ಲಿದ್ದಾಗ್ಲೂ ಲಾಳೀನಾ?"

"ನೀರಲ್ಲಿದ್ದಾಗ ದೋಣಿ."

"ಮೇಲೆ ಬಾ. ಕಾಲು ತೊಳ್ಕೊಂಡು ಬಾ" ಎಂದರು.

ಅವರ ಕೋಣೆಯಲ್ಲಿ ಮಂಚವಿತ್ತು, ಮಂಚದ ಮೇಲೆ ಮಲಗಲು ಜಾಗವಿರಲಿಲ್ಲ. ಅಂಗೈಗಿಂತ ಸ್ವಲ್ಪ ದೊಡ್ಡ ದಪ್ಪ ರಟ್ಟಿನ ಕಾರ್ಡುಗಳು ಸಾಲುಸಾಲಾಗಿ ಹರಡಿದ್ದವು. ಒಂದೊಂದರ ನಡುವೆ ಒಂದು ಪದ, ಎಡ ಅಂಚಿಗೆ ಭಾಷೆಯ ಹೆಸರು, ಬಲ ಅಂಚಿಗೆ ಇರುವೆ ಸಾಲಿನಂಥ ಕನ್ನಡ ಅಕ್ಷರದಲ್ಲಿ ಅರ್ಥ, ಕೆಳಗೆ ಪೆನ್ಸಿಲ್ಲಿನ ಒಂದು ಪುಟ್ಟ ಚಿತ್ರ. ಅವರು ಒಂದು ಕಾರ್ಡು ಹೆಕ್ಕಿ ನನ್ನ ಮುಂದೆ ಹಿಡಿದರು. ಅದರಲ್ಲಿ ನಮ್ಮ ಮನೆಯ ಲಾಳಿಯ ಚಿತ್ರವಿತ್ತು!

"ಫ್ರೆಂಚರು ಲಾಳಿಗೆ ನಾವೆತ್ ಅಂತಾರೆ. ಅಂದ್ರೆ ಪುಟ್ಟ ನಾವೆ. ನೀನು ತೊಟ್ಟೀಲಿ ಕಂಡ್ಕೊಂಡಿದ್ದನ್ನ ಅವರು ಯಾವಾಗ್ಲೋ ಕಂಡ್ಕೊಂಡಿದ್ರು. ಬೆಣ್ಣೆ ಬ್ರೆಡ್ ತಿಂತೀಯಾ?"

ಬೆಣ್ಣೆ ಹಚ್ಚಿ ಮೇಲೆ ಸಕ್ಕರೆ ಉದುರಿಸಿದ ಬ್ರೆಡ್ಡು. ನಾನು ಭಾಷಾಶಾಸ್ತ್ರಕ್ಕೆ ಒಲಿದದ್ದು ಹಾಗೆ.

ಆ ಕಾರ್ಡುಗಳೆಲ್ಲ ಒಂದೇ ಪದದ್ದು. ಮಿಸ್ ಇಪ್ಪತ್ತು ವರ್ಷದಿಂದ ಅದೊಂದರ ಹಿಂದೆಯೇ ಬಿದ್ದಿದ್ದರು. "ನೌ ಅನ್ನೋದು ಬೇರು ಕಣೆ. ಗ್ರೀಕರು ನೌಸ್ ಅಂದ್ರು, ರೋಮಿನವ್ರು ನಾವಿಸ್ ಅಂದ್ರು. ಪೋರ್ಚುಗೀಸರ ಹಳೇ ಹಡಗು ನೌ. ಇಟಲಿಯವ್ರು ಇವತ್ತಿಗೂ ನಾವೆ ಅಂತಾರೆ, ಥೇಟ್ ನಮ್ಮ ಥರಾನೇ. ನಾವು ನೌಕೆ ಅಂತೀವಿ. ಎಲ್ಲಾ ಒಂದೇ ಮನೆ ಮಕ್ಕಳು, ಬೇರೆ ಬೇರೆ ಊರಿಗೆ ಹೋಗಿ ಸೇರ್ಕೊಂಡಿದಾರೆ ಅಷ್ಟೆ."

ಹೋದ ಊರಿನಲ್ಲಿ ಒಬ್ಬೊಬ್ಬರೂ ಒಂದೊಂದು ಕೆಲಸ ಹಿಡಿದಿದ್ದರು. ಫ್ರೆಂಚರ ನೆಫ್ ಹಡಗಿನ ಕೆಲಸ ಬಿಟ್ಟು ಚರ್ಚಿನೊಳಗಿನ ಉದ್ದ ಹಜಾರವಾಗಿತ್ತು. "ಹಡಗನ್ನ ಮಗುಚಿ ಹಾಕಿ ಒಳಗೆ ನಿಂತ್ಕೊಂಡು ಮೇಲೆ ನೋಡಿದ ಹಾಗೆ ಇರುತ್ತಂತೆ ಅದರ ಚಾವಣಿ." ಹಡಗಿನಲ್ಲಿ ಕೂತರೆ ಹೊಟ್ಟೆ ತೊಳೆಸುವುದಕ್ಕೂ ಗ್ರೀಕರು ಹಡಗಿನ ಹೆಸರನ್ನೇ ಇಟ್ಟಿದ್ದರು, ಇಂಗ್ಲಿಷಿನ ನಾಸಿಯಾ ಅಲ್ಲಿಂದ ಬಂದದ್ದು.

"ನಂಗೆ ಮೆಜೆಸ್ಟಿಕ್ ಬಸ್ಸಲ್ಲಿ ವಾಂತಿ ಬರುತ್ತಲ್ಲ ಮಿಸ್?"

"ಅದೂ ಹಡಗೇ."

ನನಗೆ ತುಂಬ ಹಿಡಿಸಿದ್ದು ಸ್ಪೇನಿನವರ ಕಾರ್ಡು. ಅವರ ಮಾತಿನಲ್ಲಿ ಕೈಗಾರಿಕೆಯ ಉದ್ದನೆಯ ಶೆಡ್ಡಿಗೂ ಅದೇ ಪದ. ಅಂದರೆ ಕೆಳಗೆ ಅಪ್ಪ, ಅಮ್ಮ, ತಮ್ಮ, ಎರಡು ಮಗ್ಗ ಎಲ್ಲ ಇದ್ದದ್ದು ಹಡಗಿನಲ್ಲಿ! ಆ ಮಧ್ಯಾಹ್ನ ನಾನು ಶೆಡ್ಡಿಗೆ ಇಳಿದು ಬಹಳ ಹೊತ್ತು ಸುಮ್ಮನೆ ನಿಂತಿದ್ದೆ. ನೆಲ ನಡುಗುತ್ತಿತ್ತು, ಜೋಲಿ ತಾನೇ ತಾನಾಗಿ ಸ್ವಲ್ಪ ಸ್ವಲ್ಪ ತೂಗುತ್ತಿತ್ತು, ಬಿಸಿಲಿನ ಚುಕ್ಕೆಗಳು ನೂಲಿನ ಮೇಲೆ ಅಲುಗುತ್ತಿದ್ದವು. ಸಮುದ್ರ ನೋಡಿರದ ನನಗೆ ನಾವು ಎಲ್ಲಿಗೋ ಹೋಗುತ್ತಿದ್ದೇವೆ ಎಂದು ಖಾತ್ರಿಯಾಗಿತ್ತು. ಅಪ್ಪ "ಏನ್ ಗಿರಿ, ಹಿಂಗ್ ನಿಂತಿದೀಯ?" ಎಂದ. ನಾನು ನಕ್ಕುಬಿಟ್ಟೆ.

ಮಿಸ್ ಸಮುದ್ರ ನೋಡಿದ್ದರೇ ಎಂದು ಒಮ್ಮೆ ಕೇಳಿದೆ. ಪಾಂಡಿಚೇರಿಯಲ್ಲಿ ದಂಡೆಯ ಮೇಲೆ ನಿಂತಿದ್ದರಂತೆ. ಹಡಗು ಹತ್ತಿರಲಿಲ್ಲ. ಹೋಗಲಿ, ಕೆರೆಯ ದೋಣಿಯನ್ನೂ ಹತ್ತಿರಲಿಲ್ಲ.

ಅವರಿಗೆ ಒಂದು ಆತುರವಿತ್ತು, ಅದನ್ನು ಅವರು ಮುಚ್ಚಿಡುತ್ತಿರಲಿಲ್ಲ. ಕಣ್ಣು ಹೋಗುತ್ತಿತ್ತು. ಎರಡು ಬದಿಯೂ ಆಗಲೇ ಕತ್ತಲಾಗಿ, ನಡುವೆ ಮಾತ್ರ ಕೊಳವೆಯೊಳಗಿಂದ ನೋಡಿದಷ್ಟು ಕಾಣುತ್ತಿತ್ತಂತೆ. ಇಪ್ಪತ್ತು ವರ್ಷ ಕೂಡಿಟ್ಟದ್ದನ್ನು ಒಂದು ಲೇಖನವಾಗಿ, ಅದೂ ಕನ್ನಡದಲ್ಲಿ, ಬರೆದು ಮುಗಿಸಬೇಕು ಎನ್ನುವುದು ಅವರ ಆಸೆ. "ಕಣ್ಣು ಹೋದ್ರೆ ಹೋಗ್ಲಿ, ಇದು ಹೋಗ್ಬಾರ್ದು" ಎಂದು ಕಾರ್ಡುಗಳ ಮೇಲೆ ಕೈಯಾಡಿಸುತ್ತಾ ಹೇಳುತ್ತಿದ್ದರು. ಆ ಕಾರ್ಡುಗಳು ಮಂಚದ ಮೇಲೆ ಹರಡಿದ್ದ ಕ್ರಮವೇ ಲೇಖನದ ಕ್ರಮ. ಪದ ಯಾವ ಕಾಲದಲ್ಲಿ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬ ದಾರಿ ಆ ಸಾಲುಗಳಲ್ಲಿತ್ತು.

ಏಪ್ರಿಲ್ ಮುಗಿಯುವ ಹೊತ್ತಿಗೆ ಅವರನ್ನು ಕಣ್ಣಿನ ಆಪರೇಷನ್ನಿಗೆ ಕರೆದುಕೊಂಡು ಹೋದರು. ಆಸ್ಪತ್ರೆ, ಆಮೇಲೆ ತಂಗಿಯ ಮಗಳ ಮನೆ, ಒಟ್ಟು ಹದಿನೈದು ದಿನ. ಕೋಣೆಯ ಬೀಗದ ಕೈ ಅಮ್ಮನ ಹತ್ತಿರ, ಕಸ ಗುಡಿಸುವ ಕೆಲಸ ನನ್ನದು. "ಮಂಚದ ಮೇಲಿಂದ ಮಾತ್ರ ಏನೂ ಮುಟ್ಬೇಡ" ಎಂದು ಮಿಸ್ ಆಟೋ ಹತ್ತುವಾಗಲೂ ಹೇಳಿದ್ದರು. ನಾನು ಮುಟ್ಟಲಿಲ್ಲ. ಮುಟ್ಟಿದ್ದು ನಮ್ಮ ಅಜ್ಜಿ.

ಅಜ್ಜಿ ಅಂದರೆ ಅಪ್ಪನ ತಾಯಿ. ಸಂಡಿಗೆ ಒಣಗಿಸಲು ತಾರಸಿಗೆ ಬಂದವಳು ತೆರೆದ ಬಾಗಿಲಿನಿಂದ ಒಳಗೆ ಇಣುಕಿದಳು. ಸಂಡಿಗೆ ಹಿಟ್ಟಿನ ಪಾತ್ರೆ ಹಾಗೇ ಕೆಳಗಿಟ್ಟಳು.

"ಅಯ್ಯೋ ಶಿವನೇ! ರಟ್ಟುಗಳನ್ನ ಇಂಗೆ ಬಿಡಿಬಿಡಿಯಾಗಿ ಇಕ್ಕವ್ಳಲ್ಲೇ!"

ಅವಳ ಗಾಬರಿ ಮಗ್ಗದ ಮನೆಯವರಿಗೆ ಮಾತ್ರ ಅರ್ಥವಾಗುವಂಥದ್ದು. ಸೀರೆಯ ಅಂಚಿನಲ್ಲಿ ಹೂವು, ಗಿಣಿ, ಮಾವಿನಕಾಯಿ ಎಲ್ಲಿ ಬರಬೇಕೆಂದು ಮಗ್ಗಕ್ಕೆ ಹೇಳುವುದು ತೂತು ಕೊರೆದ ರಟ್ಟುಗಳು. ನೂರಾರು ರಟ್ಟುಗಳನ್ನು ಕ್ರಮವಾಗಿ ದಾರದಲ್ಲಿ ಹೆಣೆದು ಮಗ್ಗದ ಮೇಲೆ ತೂಗುಬಿಡುತ್ತಾರೆ. ಒಂದು ರಟ್ಟು ಹಿಂದೆಮುಂದಾದರೆ ಗಿಣಿಯ ಕೊಕ್ಕು ಬಾಲದಲ್ಲಿ ಮೂಡುತ್ತದೆ. ಆದ್ದರಿಂದ ನಮ್ಮ ಮನೆಯಲ್ಲಿ ರಟ್ಟು ಬಿಡಿಯಾಗಿ ಬಿದ್ದಿರುವುದೆಂದರೆ ಮನೆಗೆ ಕೇಡು. ಅಜ್ಜಿ ಬಾಳೆಲ್ಲ ರಟ್ಟು ಹೆಣೆದವಳು. ಈಚೆಗೆ ಅಪ್ಪ ಹೊರಗೆ ಹೆಣೆಸಿಕೊಂಡು ಬರಲು ಶುರುಮಾಡಿದ ಮೇಲೆ ಅವಳ ಕೈಗೆ ಕೆಲಸವಿರಲಿಲ್ಲ.

"ಮಿಸ್ಸು ಮುಟ್ಬೇಡ ಅಂದವ್ರೆ ಅಜ್ಜಿ."

"ಕಣ್ಣಿಲ್ದಿರೋಳು ಪಾಪ, ಅವಳಿಗೇನ್ ಗೊತ್ತಾಯ್ತದೆ ಬಿದ್ರೆ? ಒಂದು ಗಾಳಿ ಬಂದ್ರೆ ಎಲ್ಲಾ ಅಡ್ರಾಬಡ್ರಾ. ಓಗು, ಉಳಿ ಸುತ್ತಿಗೆ ತತ್ತಾ."

ನಾನು ತಂದುಕೊಟ್ಟೆ. ನಿಜ ಹೇಳಬೇಕೆಂದರೆ ಖುಷಿಯಿಂದಲೇ ತಂದುಕೊಟ್ಟೆ, ಏಕೆಂದರೆ ಅಜ್ಜಿಯ ಮಾತು ನನಗೂ ಸರಿ ಕಂಡಿತ್ತು. ಮೂರು ಮಧ್ಯಾಹ್ನ ನಾವಿಬ್ಬರೂ ಆ ಕೋಣೆಯಲ್ಲಿ ಕೂತೆವು. ಅಜ್ಜಿ ಒಂದೊಂದು ಕಾರ್ಡಿನ ಎಡಕ್ಕೂ ಬಲಕ್ಕೂ ಎರಡೆರಡು ತೂತು ಹೊಡೆದು, ಮೇಣ ಸವರಿದ ದಾರದಲ್ಲಿ ಹೆಣೆದಳು. ಮಂಚದ ಮೇಲಿನ ಸಾಲುಗಳಿಗೇ ಒಂದು ಕ್ರಮವಿದೆ ಎಂದು ಆಗ ನನಗೆ ತಿಳಿದಿರಲಿಲ್ಲ, ಯಾವುದರ ಪಕ್ಕ ಯಾವುದು ಬರಬೇಕು ಎನ್ನುವುದು ನನ್ನ ಪಾಲಿನ ಕೆಲಸವಾಯಿತು. ಪದಗಳು ಇಂಗ್ಲಿಷ್ ಅಕ್ಷರದಲ್ಲಿದ್ದವು, ಅದನ್ನು ಆ ವರ್ಷ ತಾನೇ ಕಲಿತಿದ್ದೆ, ಓದಿ ತಿಳಿಯುವಷ್ಟು ಬರುತ್ತಿರಲಿಲ್ಲ. ಚಿತ್ರ ನೋಡಿ ಜೋಡಿಸಿದೆ. ಹಡಗಿನ ಪಕ್ಕ ಹಡಗು, ಶೆಡ್ಡಿನ ಪಕ್ಕ ಚರ್ಚು, ಲಾಳಿಯ ಪಕ್ಕ ದೋಣಿಯಾಕಾರದ ಉಪ್ಪಿನ ಬಟ್ಟಲು. ಮುಗಿದಾಗ ಅದು ಆ ಕೋಣೆಯ ಎರಡರಷ್ಟು ಉದ್ದವಿತ್ತು. ಅಜ್ಜಿ ಅದನ್ನು ಮಡಿಕೆ ಮಡಿಕೆಯಾಗಿ ಮಡಿಸಿ ಮಂಚದ ಮೇಲಿಟ್ಟು, ಕೈಮುಗಿದು ಹೊರಬಂದಳು.

ಮಿಸ್ ಬಂದದ್ದು ಕಪ್ಪು ಕನ್ನಡಕದಲ್ಲಿ. ಆಪರೇಷನ್ನಿನಿಂದ ಏನೂ ಆಗಲಿಲ್ಲ, ನರವೇ ಒಣಗಿತ್ತಂತೆ. ಇದ್ದ ಕೊಳವೆಯಷ್ಟು ಬೆಳಕೂ ಉಳಿದಿರಲಿಲ್ಲ. ಮೆಟ್ಟಿಲು ಹತ್ತಿಸಿದ್ದು ನಾನೇ. ಅವರು ನೇರವಾಗಿ ಮಂಚದ ಬಳಿ ಹೋಗಿ ಕೈ ಚಾಚಿದರು. ಕೈಗೆ ಮಡಿಕೆ ಸಿಕ್ಕಿತು, ದಾರ ಸಿಕ್ಕಿತು, ತೂತು ಸಿಕ್ಕಿತು. ಬೆರಳು ಒಂದು ತೂತಿನಿಂದ ಇನ್ನೊಂದಕ್ಕೆ ಹೋಗುತ್ತಾ ಹೋಯಿತು.

"ಯಾರು ಮಾಡಿದ್ದು?"

ಬಾಗಿಲಲ್ಲಿದ್ದ ಅಜ್ಜಿ, "ನಾನೇ ಕಣವ್ವ. ಉದ್ರಿಹೋಗ್ಬಾರ್ದು ಅಂತ ಹೆಣ್ದಿವ್ನಿ. ಇನ್ನು ಯಾವ ಗಾಳಿ ಬಂದ್ರೂ ಏನೂ ಆಗಕಿಲ್ಲ" ಎಂದಳು. ಅವಳ ದನಿಯಲ್ಲಿ ಹೆಮ್ಮೆ ಇತ್ತು.

"ನೀವಿಬ್ರೂ ಕೆಳಗೆ ಹೋಗಿ" ಎಂದರು ಮಿಸ್. ಎರಡು ದಿನ ಬಾಗಿಲು ತೆಗೆಯಲಿಲ್ಲ. ಅಮ್ಮ ಊಟದ ತಟ್ಟೆ ಹೊರಗಿಟ್ಟು ಬರುತ್ತಿದ್ದಳು. ನಾವು ಏನೋ ದೊಡ್ಡದನ್ನು ಹಾಳುಮಾಡಿದ್ದೇವೆ ಎಂದು ನನಗೆ ಆಗ ಅರ್ಥವಾಯಿತು. ಅಜ್ಜಿಗೆ ಅದು ಕೊನೆಯವರೆಗೂ ಅರ್ಥವಾಗಲಿಲ್ಲ, ಆಗದಿದ್ದದ್ದೇ ಒಳ್ಳೆಯದು.

ಮೂರನೆಯ ದಿನ ಮಧ್ಯಾಹ್ನ ಮೇಲಿನಿಂದ ಕರೆ ಬಂತು. "ಗಿರೀ, ನೋಟ್‌ಬುಕ್ ತಗೊಂಡು ಬಾ."

ಹೆಣಿಗೆಯ ತುದಿ ಅವರ ತೊಡೆಯ ಮೇಲಿತ್ತು. "ದಾರ ಕತ್ತರಿಸಿದ್ರೂ ಇನ್ನು ಕ್ರಮ ಸಿಗಲ್ಲ. ನೀವು ಹೆಣೆದ ಹಾಗೇ ಓದ್ಕೊಂಡು ಹೋಗೋಣ. ಹಾಗೆ ನೋಡಿದ್ರೆ ಇದು ನನ್ನ ಕೈಯಿಂದ ಜಾರಲ್ಲ, ಅಷ್ಟರಮಟ್ಟಿಗೆ ನಿಮ್ಮಜ್ಜಿ ಹೇಳಿದ್ದು ಸರಿ." ಅವರು ಬೆರಳಿನಿಂದ ತೂತು ಎಣಿಸಿಕೊಂಡು ಒಂದೊಂದೇ ಕಾರ್ಡು ಮುಂದೆ ಸರಿಸುವುದು, ನಾನು ಪದವನ್ನು ಅಕ್ಷರ ಅಕ್ಷರವಾಗಿ ಹೇಳುವುದು, ಅರ್ಥವನ್ನು ತಡವರಿಸಿ ಓದುವುದು. ಅವರು ಕಣ್ಣು ಮುಚ್ಚಿಕೊಂಡು ಕನ್ನಡದಲ್ಲಿ ವಾಕ್ಯ ಕಟ್ಟಿ ಹೇಳುತ್ತಿದ್ದರು, ನಾನು ದುಂಡಗೆ ಬರೆಯುತ್ತಿದ್ದೆ.

ಆ ಮೇ ತಿಂಗಳ ಮಧ್ಯಾಹ್ನಗಳು ಒಂದರೊಳಗೊಂದು ಕರಗಿಹೋಗಿವೆ. ಅರ್ಧ ತೆರೆದ ಕಿಟಕಿ, ಒದ್ದೆ ಮಾಡಿದ ಲಾವಂಚದ ಪರದೆ, ಕೆಳಗಿನಿಂದ ಮೇಲೆ ಹತ್ತಿ ಬರುವ ಮಗ್ಗದ ನಡುಕ, ಉಪ್ಪು ಖಾರ ಹಚ್ಚಿದ ಮಾವಿನಕಾಯಿ, ದೂರದಲ್ಲಿ ಜಕ್ಕೂರಿನ ವಿಮಾನ ಗುಂಯ್ ಎನ್ನುತ್ತಾ ಸುತ್ತುವುದು. ಮಿಸ್ ಒಂದೊಂದು ಕಾರ್ಡಿಗೆ ನಿಂತುಬಿಡುತ್ತಿದ್ದರು. "ಐಸ್‌ಲ್ಯಾಂಡಿನ ಹಳೇ ಹಾಡುಗಳಲ್ಲಿ ಮಾತ್ರ ಉಳ್ಕೊಂಡಿದೆ ಈ ಪದ, ಯಾರೂ ಮಾತಲ್ಲಿ ಆಡಲ್ಲ" ಎಂದು ಹೇಳಿ ಆ ಕಾರ್ಡಿನ ಮೇಲೆ ಎಷ್ಟೋ ಹೊತ್ತು ಬೆರಳಾಡಿಸುತ್ತಿದ್ದರು. ಕಣ್ಣು ಕಾಣದ ಒಬ್ಬರು, ಊರು ಬಿಟ್ಟು ಹೊರಗೆ ಹೋಗದ ಇನ್ನೊಬ್ಬಳು, ಇಬ್ಬರೂ ಸೇರಿ ಎಲ್ಲೆಲ್ಲಿಗೆ ಹೋಗಿ ಬಂದೆವು! ಅಷ್ಟು ಸುಖವಾದ ದಿನಗಳು ನನಗೆ ಮತ್ತೆ ಬರಲಿಲ್ಲ.

ಅಜ್ಜಿಯ ತೂತುಗಳು ಅಲ್ಲಲ್ಲಿ ಅಕ್ಷರ ನುಂಗಿದ್ದವು. ಒಂದೋ ಎರಡೋ ಹೋಗಿದ್ದರೆ ಮಿಸ್ ತಾವೇ ತುಂಬಿಕೊಳ್ಳುತ್ತಿದ್ದರು. "ಗೊತ್ತಾಗ್ದಿದ್ರೆ ಗೊತ್ತಾಗ್ತಿಲ್ಲ ಅಂತ ಹೇಳು, ಊಹೆ ಮಾಡ್ಬೇಡ" ಎಂದು ಮೊದಲ ದಿನವೇ ಹೇಳಿದ್ದರು. "ಸುಳ್ಳು ಪದ ಒಂದು ಸೇರಿದ್ರೂ ಇಪ್ಪತ್ತು ವರ್ಷ ನೀರುಪಾಲು."

ತಿಂಗಳ ಕೊನೆಯಲ್ಲಿ, ಹೆಣಿಗೆಯ ತುದಿಯಲ್ಲಿ, ಆ ಕಾರ್ಡು ಬಂತು. ನಾನು ಅಕ್ಷರ ಹೇಳಿದೆ. ಎನ್, ಎ, ಸಿ, ಇ, ಎಲ್, ಎಲ್, ಇ.

"ನಸೆಲ್," ಎಂದರು ಮಿಸ್. "ಅದೂ ಪುಟ್ಟ ನಾವೇನೇ. ಅರ್ಥ ಓದು."

"ಒಂದು, ಸಣ್ಣ ದೋಣಿ. ಎರಡು, ಬಲೂನಿನ ಕೆಳಗೆ ಕಟ್ಟೋ ಬುಟ್ಟಿ. ಮೂರು..."

ಮೂರರ ಮುಂದೆ ಇದ್ದದ್ದು ಅಜ್ಜಿಯ ತೂತು. ಪೂರ್ತಿ ತೂತು. ಒಂದಕ್ಷರದ ಬಾಲವೂ ಉಳಿದಿರಲಿಲ್ಲ.

"ಮೂರು?"

ಇಲ್ಲ ಎನ್ನಬೇಕಿತ್ತು. ಆದರೆ ಮಿಸ್ ಆ ದಿನ ಬೆಳಗಿನಿಂದ ಉತ್ಸಾಹದಲ್ಲಿದ್ದರು, ಲೇಖನ ಮುಗಿಯುತ್ತಾ ಬಂದಿತ್ತು, ಮುಖವನ್ನು ನನ್ನ ಕಡೆಗೆ ತಿರುಗಿಸಿ ಕಾಯುತ್ತಿದ್ದರು. ತೂತು ಹೊಡೆಯಲು ಉಳಿ ತಂದುಕೊಟ್ಟವಳು ನಾನು. ಅಷ್ಟರಲ್ಲಿ ಕರೆಂಟು ಹೋಯಿತು. ಮಗ್ಗಗಳು ನಿಂತವು. ಮನೆಯಿಡೀ ಒಮ್ಮೆಲೇ ಮೌನವಾಯಿತು, ಮರುಕ್ಷಣ ಚಂದ್ರುವಿನ ಅಳು. ನನ್ನ ಬಾಯಿಂದ ಬಂದೇಬಿಟ್ಟಿತು.

"ತೊಟ್ಟಿಲು."

ಮಿಸ್ಸಿನ ಮುಖ ಅರಳಿತು. "ಹೌದಲ್ಲ! ಮಗು ಮಲಗಿಸೋದು! ಮರ್ತೇಹೋಗಿತ್ತು ನೋಡು ನಂಗೆ. ಇದು ಕೊನೆಗೇ ಬರ್ಬೇಕಾಗಿತ್ತು, ಎಷ್ಟು ಚೆನ್ನಾಗಿ ಬಂತು! ಓಡು, ತಮ್ಮನ್ನ ತೂಗಿ ಬಾ. ಬಂದು ಕೊನೇ ಪ್ಯಾರಾ ಬರ್ಕೋ."

ನಾನು ಜೋಲಿ ತೂಗುತ್ತಾ ನಿಂತೆ. ನಾನು ಹೇಳಿದ ಸುಳ್ಳನ್ನು ಮಿಸ್ ತಮ್ಮ ನೆನಪು ಎಂದು ತಿಳಿದುಕೊಂಡುಬಿಟ್ಟಿದ್ದರು. ಮೇಲೆ ಹೋದಾಗ ಅವರು ಹೇಳಿ ಬರೆಸಿದ ಕೊನೆಯ ವಾಕ್ಯ ನನಗೆ ಬಾಯಿಪಾಠವಾಗಿದೆ: ಕಡಲನ್ನೇ ಕಾಣದವನೂ ಹುಟ್ಟಿದ ವಾರದಲ್ಲೇ ಒಂದು ನಾವೆ ಹತ್ತಿ ತೂಗಿರುತ್ತಾನೆ. ಇಪ್ಪತ್ತು ವರ್ಷದ ಲೇಖನ ನನ್ನ ಸುಳ್ಳಿನ ಮೇಲೆ ಬಂದು ಕೂತಿತು.

ಆ ಸಂಜೆ ಅವರು ಅಪ್ಪನ ಮುಂದೆ ನನ್ನನ್ನು ಹೊಗಳಿದರು. "ನಾನೇ ಮರ್ತಿದ್ದನ್ನ ಹುಡ್ಕಿಕೊಟ್ಲು ನಿಮ್ಮ ಮಗಳು." ಅಪ್ಪ ನನ್ನ ತಲೆ ಸವರಿದ. ಒಂದೊಂದು ಹೊಗಳಿಕೆಗೂ ನಿಜ ಹೇಳುವುದು ಇನ್ನಷ್ಟು ಕಷ್ಟವಾಯಿತು. ಮರುದಿನ ಅಪ್ಪನೇ ಲೇಖನವನ್ನು ಒಂದು ಮಾಸಪತ್ರಿಕೆಗೆ ಅಂಚೆಯಲ್ಲಿ ಕಳಿಸಿ ಬಂದ. ನನ್ನ ಪಾಲಿಗೆ ಅಲ್ಲಿಗೆ ಬಾಗಿಲು ಮುಚ್ಚಿತು.

ನಾನು ಮಹಡಿ ಹತ್ತುವುದನ್ನು ಬಿಟ್ಟೆ. ಜೂನಿನಲ್ಲಿ ಶಾಲೆ ಶುರುವಾಗಿದ್ದು ನೆಪಕ್ಕೆ ಸಿಕ್ಕಿತು. ಶಾಲೆಯಿಂದ ಬಂದ ಮೇಲೆ ಅವರು ಮೇಲಿನ ಮೆಟ್ಟಿಲಿನಲ್ಲಿ ನಿಂತು "ಗಿರಿ ಬಂದ್ಲಾ?" ಎಂದು ಕೇಳುತ್ತಿದ್ದರು. ನಾನು ಶೆಡ್ಡಿನಲ್ಲಿ ಜೋಲಿಯ ಹಿಂದೆ ಕೂತು, ಇಲ್ಲ ಎನ್ನು ಎಂದು ಅಮ್ಮನಿಗೆ ಕೈಸನ್ನೆ ಮಾಡುತ್ತಿದ್ದೆ. ಅಮ್ಮ ಮೊದಮೊದಲು ಬೈದಳು, ಆಮೇಲೆ "ಟ್ಯೂಷನ್ನಿಗೆ ಹೋಗಿದಾಳೆ ಮಿಸ್" ಎನ್ನುವುದನ್ನು ರೂಢಿ ಮಾಡಿಕೊಂಡಳು. ಏನಾಯಿತು ಎಂದು ಕೇಳಿದರೆ ನಾನು ಬಾಯಿ ಬಿಡುತ್ತಿರಲಿಲ್ಲ. ಎದುರಿಗೆ ಹೋದರೆ ನಿಜ ಹೇಳಬೇಕಾಗುತ್ತದೆ, ಹೇಳಿದರೆ ಆ ಮುಖ ಮತ್ತೆ ಆ ಎರಡು ದಿನದಂತೆ ಬಾಗಿಲು ಹಾಕಿಕೊಳ್ಳುತ್ತದೆ ಎಂಬ ಹೆದರಿಕೆ. ಹತ್ತು ವರ್ಷದವಳ ಲೆಕ್ಕಾಚಾರ, ದಿನಕ್ಕೊಂದು ದಿನ ಕೂಡುತ್ತಾ ಏಳು ತಿಂಗಳಾಯಿತು.

ಸಂಕ್ರಾಂತಿಗೆ ಒಂದು ವಾರ ಇದ್ದಾಗ ಮಿಸ್ ತೀರಿಕೊಂಡರು. ಎದೆನೋವು ಎಂದರಂತೆ, ಆಸ್ಪತ್ರೆ ಸೇರುವ ಮುಂಚೆಯೇ ಹೋದರು. ಲೇಖನ ಅಚ್ಚಾಯಿತೋ ಇಲ್ಲವೋ ನಮಗೆ ತಿಳಿಯಲಿಲ್ಲ. ಪುಸ್ತಕಗಳನ್ನು ತಂಗಿಯ ಮಗಳು ಒಯ್ದರು. ಕಾರ್ಡುಗಳ ಹೆಣಿಗೆ ಅವರಿಗೆ ಏನೆಂದು ಗೊತ್ತಾಗದೆ ನಮ್ಮಲ್ಲೇ ಉಳಿಯಿತು. ಅಪ್ಪ ಅದನ್ನು ಮಗ್ಗದ ರಟ್ಟುಗಳ ಪಕ್ಕ ಗೂಟಕ್ಕೆ ತೂಗುಹಾಕಿದ. ಕೆಲವು ವರ್ಷಗಳ ಮೇಲೆ ಮಗ್ಗಗಳನ್ನು ಗುಜರಿಗೆ ತೂಕಕ್ಕೆ ಹಾಕಿದಾಗ ರಟ್ಟುಗಳ ಜೊತೆ ಅದೂ ಹೋಯಿತು.

ಕಾಲೇಜಿಗೆ ಸೇರಿದ ಮೊದಲ ವಾರ ಗ್ರಂಥಾಲಯದ ದೊಡ್ಡ ಇಂಗ್ಲಿಷ್ ನಿಘಂಟಿನಲ್ಲಿ ಆ ಏಳು ಅಕ್ಷರ ಹುಡುಕಿದೆ. ವಿಮಾನದ ಎಂಜಿನ್ನಿಗೆ ಹೊದಿಸುವ ಕವಚ, ಬಲೂನಿನ ಬುಟ್ಟಿ ಎಂದಿತ್ತು. ತೊಟ್ಟಿಲು ಇರಲಿಲ್ಲ. ನಾನು ಸುಳ್ಳುಗಾತಿ ಎನ್ನುವುದಕ್ಕೆ ಮುದ್ರೆ ಬಿದ್ದಂತಾಯಿತು. ಆಮೇಲೆ ಮತ್ತೆಂದೂ ಹುಡುಕಲಿಲ್ಲ. ಈಗ ಶಾಲೆಯೊಂದರಲ್ಲಿ ಕನ್ನಡ ಹೇಳಿಕೊಡುತ್ತೇನೆ, ಊಹೆ ಮಾಡಿ ಅರ್ಥ ಹೇಳುವ ಮಕ್ಕಳ ಮೇಲೆ ವಿಪರೀತ ರೇಗುತ್ತೇನೆ. ಅವರಿಗೆ ಕಾರಣ ಗೊತ್ತಿಲ್ಲ.

ಕಳೆದ ತಿಂಗಳು ಚಂದ್ರುವಿಗೆ ಮಗಳು ಹುಟ್ಟಿದಳು. ಅತ್ತೆಯಾದವಳು ಏನಾದರೂ ಕೊಡಬೇಕಲ್ಲ ಎಂದು ಹೆಬ್ಬಾಳದ ಒಂದು ದೊಡ್ಡ ಅಂಗಡಿಗೆ ಹೋದೆ. ಹಸುಗೂಸನ್ನು ಮಲಗಿಸಿ ಎತ್ತಿಕೊಂಡು ಓಡಾಡುವ ಒಂದು ಬುಟ್ಟಿ ತೊಟ್ಟಿಲು ಇಷ್ಟವಾಯಿತು. ಹೊರದೇಶದ ಸರಕು. ಡಬ್ಬದ ಬದಿಯಲ್ಲಿ ಆರೇಳು ಭಾಷೆಯಲ್ಲಿ ಅದರ ಹೆಸರು ಒಂದರ ಕೆಳಗೊಂದು ಇತ್ತು. ಇಂಗ್ಲಿಷಿನ ಕೆಳಗೆ ಫ್ರೆಂಚು. ನಾನು ಸುಮ್ಮನೆ ಕಣ್ಣಾಡಿಸುತ್ತಿದ್ದೆ. ಎನ್, ಎ, ಸಿ, ಇ, ಎಲ್, ಎಲ್, ಇ.

ಅಂಗಡಿಯ ಹುಡುಗಿ "ಮ್ಯಾಮ್, ಹುಷಾರಿದೀರಾ?" ಎಂದು ಕುರ್ಚಿ ತಂದಳು. ಕೂತುಕೊಂಡು ಫೋನಿನಲ್ಲಿ ಫ್ರೆಂಚ್ ನಿಘಂಟು ತೆಗೆದು ನೋಡಿದೆ. ಸಣ್ಣ ದೋಣಿ. ಬಲೂನಿನ ಬುಟ್ಟಿ. ಕೂಸನ್ನು ಮಲಗಿಸುವ ತೊಟ್ಟಿಲು. ಮೂವತ್ತು ವರ್ಷ ಫ್ರೆಂಚ್ ಹೇಳಿಕೊಟ್ಟವರಿಗೆ ಅದು ಗೊತ್ತಿರಲಿಲ್ಲವೇ? ಅವರು ನನ್ನ ಸುಳ್ಳನ್ನು ನಂಬಿರಲಿಲ್ಲ, ತಮ್ಮದೇ ಪದವನ್ನು ನನ್ನ ಬಾಯಲ್ಲಿ ಕೇಳಿ ಹಿಗ್ಗಿದ್ದರು. ನಾನು ಸುಳ್ಳನ್ನೇ ಹೇಳಿರಲಿಲ್ಲ. ಲೇಖನದಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಏಳು ತಿಂಗಳು ಅಡಗಿ ಕೂತದ್ದು ಯಾವುದಕ್ಕೂ ಅಲ್ಲ.

ಮನೆಗೆ ಬಂದು ಅಮ್ಮನಿಗೆ ಎಲ್ಲವನ್ನೂ ಹೇಳಿದೆ, ಮೊದಲ ಸಲ. ನಮ್ಮ ಶೆಡ್ಡಿನ ಜಾಗದಲ್ಲಿ ಈಗ ನಾಲ್ಕು ಅಂತಸ್ತಿನ ಕಟ್ಟಡವಿದೆ, ಮೊದಲನೆಯ ಅಂತಸ್ತಿನಲ್ಲಿ ಚಂದ್ರುವಿನ ಮನೆ. ಅಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚುತ್ತಿದ್ದಳು.

"ನೀನು ಮನೇಲೇ ಇರ್ತಿದ್ದಿದ್ದು ಅವ್ರಿಗೆ ಗೊತ್ತಿತ್ತು ಕಣೆ," ಎಂದಳು.

"ಹೇಗಮ್ಮಾ? ಕಣ್ಣು ಕಾಣ್ತಿರ್ಲಿಲ್ವಲ್ಲ."

"ಕರೆಂಟ್ ಹೋದಾಗ ಮಗು ಅಳೋದು, ಕೂಡ್ಲೇ ಸುಮ್ನಾಗೋದು. ನಾನು ಅವ್ರ ಜೊತೆ ಮೆಟ್ಲತ್ರ ಮಾತಾಡ್ತಾ ನಿಂತಿರ್ತಿದ್ದೆ. ಅಪ್ಪ ಹೊರಗಡೆ, ಅಜ್ಜಿ ದೇವಸ್ಥಾನಕ್ಕೆ. ಇನ್ಯಾರು ತೂಗ್ತಿದಾರೆ ಅಂತ ತಿಳ್ಕೊಳ್ದಷ್ಟು ದಡ್ಡರಾ ಅವ್ರು? ನಾನು ನಾಚ್ಕೊಂಡು ತಲೆ ತಗ್ಗಿಸಿದ್ರೆ, 'ಇರ್ಲಿ ಬಿಡಿ, ಕರೀಬೇಡಿ, ದೊಡ್ಡೋಳಾಗ್ತಿದಾಳೆ, ಮುದುಕಿ ಜೊತೆ ಎಷ್ಟು ದಿನ ಅಂತ ಕೂರ್ತಾಳೆ' ಅಂತಿದ್ರು. ಆದ್ರೆ ಮಾರನೇ ದಿನ ಮತ್ತೆ ಬಂದು ಕೇಳೋರು."

ಅಮ್ಮ ಮಗುವನ್ನು ಮಗುಚಿ ಬೆನ್ನಿಗೆ ಎಣ್ಣೆ ಹಚ್ಚತೊಡಗಿದಳು. ನಾನು ಎದ್ದು ಬಾಲ್ಕನಿಗೆ ಹೋದೆ.